ಒಂದೇ ಬಗೆಯ ಮ್ಯೂಸ್ಲಿ, ಕೆಲವು ದಿನ ಮಾತ್ರ ಕೆಮ್ಮು: ಲೇಬಲ್ ನೋಡಿ ಹೇಳುವಿರಾ?

ಬೆಳಗಿನ ಬಟ್ಟಲು

ಮಗಳಿಗೆ ಒಂಬತ್ತು ವರ್ಷ. ಸ್ವಲ್ಪ ಆಸ್ತಮಾ ಇದೆ, ಇನ್‌ಹೇಲರ್ ಬಳಸುತ್ತಾಳೆ. ಎರಡು ತಿಂಗಳಿನಿಂದ ಬೆಳಿಗ್ಗೆ ಹಾಲಿನಲ್ಲಿ ಮ್ಯೂಸ್ಲಿ ಹಾಕಿಕೊಂಡು ತಿನ್ನುತ್ತಿದ್ದಳು. ಹೆಚ್ಚಿನ ದಿನ ಏನೂ ಆಗಿಲ್ಲ. ಆದರೆ ನಾಲ್ಕು ಬಾರಿ, ತಿಂದ ಹತ್ತು ಹದಿನೈದು ನಿಮಿಷಗಳಲ್ಲಿ ಕೆಮ್ಮು ಶುರುವಾಗಿ ಎದೆಯಲ್ಲಿ ಸುಯ್ ಎನ್ನುವ ಸದ್ದು ಬಂದಿದೆ. ಇನ್‌ಹೇಲರ್ ಕೊಟ್ಟ ಮೇಲೆ ಇಳಿದಿದೆ. ಮೈಮೇಲೆ ದದ್ದು ಇಲ್ಲ, ತುಟಿ ಊದಿಲ್ಲ, ವಾಂತಿಯೂ ಇಲ್ಲ. ಪ್ರತಿ ಬಾರಿಯೂ ಅದೇ ಕಂಪನಿ, ಅದೇ ಬಗೆ.

ಅಲರ್ಜಿಯಾಗಿದ್ದರೆ ದಿನವೂ ಆಗಬೇಕಿತ್ತು ಎಂಬುದು ನನ್ನ ವಾದ. ಅಲರ್ಜಿ ಅಲ್ಲದಿದ್ದರೆ ನಾಲ್ಕು ಸಲ ಏಕಾಯಿತು ಎಂಬುದು ಹೆಂಡತಿಯ ವಾದ. ಮುಂದಿನ ವಾರ ವೈದ್ಯರನ್ನು ನೋಡಲಿದ್ದೇವೆ, ಅಲ್ಲಿಯವರೆಗೆ ಮ್ಯೂಸ್ಲಿ ಬಂದ್. ಪೊಟ್ಟಣದ ಹಿಂಬದಿಯಲ್ಲಿರುವುದನ್ನು ಹಾಗೆಯೇ ನಕಲು ಮಾಡುತ್ತಿದ್ದೇನೆ:

ಓಟ್ಸ್ (48%), ಗೋಧಿ ಫ್ಲೇಕ್ಸ್ (ಗೋಧಿ, ಸಕ್ಕರೆ, ಬಾರ್ಲಿ ಮಾಲ್ಟ್ ಸಾರ, ಉಪ್ಪು), ಒಣಹಣ್ಣು 19% (ಒಣದ್ರಾಕ್ಷಿ, ಏಪ್ರಿಕಾಟ್: ಅಕ್ಕಿಹಿಟ್ಟು, 220, ಪಪ್ಪಾಯಿ: ಸಕ್ಕರೆ, 330, 223), ಸಕ್ಕರೆ, ಗ್ಲೂಕೋಸ್ ಸಿರಪ್, ಸೂರ್ಯಕಾಂತಿ ಎಣ್ಣೆ, ಬಾದಾಮಿ (3%), ಜೇನುತುಪ್ಪ (1%), ಹಾಲೊಡಕಿನ ಪುಡಿ, ಎಮಲ್ಸಿಫೈಯರ್ (322), ಆ್ಯಂಟಿಆಕ್ಸಿಡೆಂಟ್ (306). ಓಟ್ಸ್, ಗೋಧಿ, ಬಾರ್ಲಿ, ಹಾಲು, ಬಾದಾಮಿ, ಸಲ್ಫೈಟ್ ಇದೆ. ಕಡಲೆಕಾಯಿ, ಹೇಜಲ್‌ನಟ್, ಎಳ್ಳು, ಸೋಯಾ ಇರಬಹುದು.

ಶುದ್ಧಾಹಾರಿ

220, 223, 306, 322, 330. ಬೆಳಗಿನ ತಿಂಡಿಯೋ, ದೂರವಾಣಿ ಸಂಖ್ಯೆಯೋ? ಐದು ರಾಸಾಯನಿಕಗಳನ್ನು ಮಗುವಿನ ಹೊಟ್ಟೆಗೆ ಹಾಕಿ ಆಮೇಲೆ ಕಾರಣ ಹುಡುಕುವುದು ಏಕೆ? ಕಸದ ಬುಟ್ಟಿಗೆ ಎಸೆಯಿರಿ.

ಲೇಬಲ್ ಓದುಗ

ಎಸೆಯುವ ಮುಂಚೆ ಓದೋಣ. ಸಂಖ್ಯೆ ಇದ್ದ ಮಾತ್ರಕ್ಕೆ ವಿಷವಲ್ಲ. ಪ್ರತಿ ದೇಶದ ಲೇಬಲ್ಲಿನಲ್ಲೂ ಒಂದೇ ವಸ್ತುವಿಗೆ ಒಂದೇ ಗುರುತು ಇರಲಿ ಎಂದು ಕೋಡೆಕ್ಸ್ ಎಂಬ ಅಂತಾರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ ಕೊಟ್ಟ ಕ್ರಮಸಂಖ್ಯೆಗಳು ಇವು. ಯುರೋಪಿನಲ್ಲಿ ಇದೇ ಸಂಖ್ಯೆಗಳ ಮುಂದೆ 'ಇ' ಸೇರುತ್ತದೆ. ವಿಟಮಿನ್ ಸಿ ಅಲ್ಲಿ 300. ನಿಮ್ಮ ಪಟ್ಟಿಯ 306 ಟೋಕೋಫೆರಾಲ್, ಅಂದರೆ ವಿಟಮಿನ್ ಇ. ಎಣ್ಣೆ ಕಮಟು ಹಿಡಿಯದಂತೆ ಹಾಕುತ್ತಾರೆ. 330 ಸಿಟ್ರಿಕ್ ಆಮ್ಲ, ನಿಂಬೆಯ ಹುಳಿ. 322 ಲೆಸಿಥಿನ್, ಮೊಟ್ಟೆಯ ಹಳದಿಯಲ್ಲೂ ಇರುವಂಥದ್ದು.

ಲೆಸಿಥಿನ್ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ಸೋಯಾದಿಂದಲೂ ತೆಗೆಯುತ್ತಾರೆ, ಸೂರ್ಯಕಾಂತಿಯಿಂದಲೂ ತೆಗೆಯುತ್ತಾರೆ. ಸೋಯಾದ್ದಾಗಿದ್ದರೆ ನಿಮ್ಮ ಲೇಬಲ್ಲಿನಲ್ಲಿ ಸೋಯಾ 'ಇದೆ' ಎಂಬ ಸಾಲಿನಲ್ಲಿ ಬರಬೇಕಿತ್ತು. ಅದು 'ಇರಬಹುದು' ಸಾಲಿನಲ್ಲಿರುವುದರಿಂದ ಇದು ಬಹುಶಃ ಸೂರ್ಯಕಾಂತಿಯದ್ದು.

ಇನ್ನು ಸಕ್ಕರೆ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಇಲ್ಲಿ ಸಕ್ಕರೆ, ಗ್ಲೂಕೋಸ್ ಸಿರಪ್, ಜೇನು ಎಂದು ಮೂರು ಹೆಸರುಗಳಲ್ಲಿ ಸಿಹಿ ಹಂಚಿಹೋಗಿದೆ. ಫ್ಲೇಕ್ಸ್‌ನೊಳಗೆ ಮತ್ತೊಂದಿಷ್ಟು, ಪಪ್ಪಾಯಿಯೊಳಗೆ ಇನ್ನೊಂದಿಷ್ಟು. ಎಲ್ಲವನ್ನೂ ಕೂಡಿಸಿ ಒಂದೇ ಹೆಸರಿನಲ್ಲಿ ಬರೆದರೆ ಸಕ್ಕರೆ ಎಷ್ಟನೆಯ ಸ್ಥಾನಕ್ಕೆ ಏರುತ್ತಿತ್ತೋ ನೀವೇ ಊಹಿಸಿ. ಪೊಟ್ಟಣದ ಮುಂಭಾಗದಲ್ಲಿ ಜೇನುತಟ್ಟಿಯ ದೊಡ್ಡ ಚಿತ್ರ ಇದೆಯೇ? ಇರಲೇಬೇಕು. ಒಳಗಿರುವುದು ನೂರಕ್ಕೆ ಒಂದು ಪಾಲು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಐದು ಸಂಖ್ಯೆಗಳಲ್ಲಿ ಮೂರು ನನ್ನ ನಿದ್ದೆ ಕೆಡಿಸುವುದಿಲ್ಲ. 220 ಮತ್ತು 223 ಬೇರೆಯ ಮಾತು. ಮೊದಲನೆಯದು ಸಲ್ಫರ್ ಡೈಆಕ್ಸೈಡ್, ಎರಡನೆಯದು ಸೋಡಿಯಂ ಮೆಟಾಬೈಸಲ್ಫೈಟ್. ಲೇಬಲ್ಲಿನ ಕೊನೆಯಲ್ಲಿ ಸಲ್ಫೈಟ್ ಎಂದಿರುವುದು ಇವೆರಡನ್ನೇ. ಆಸ್ತಮಾ ಇರುವ ಮಗು, ಚರ್ಮದ ಲಕ್ಷಣವಿಲ್ಲದ ಉಬ್ಬಸ. ನಾನು ಮೊದಲು ಬೆರಳಿಡುವುದು ಅಲ್ಲಿ.

ಬೆಳಗಿನ ಬಟ್ಟಲು

ಮುಂಭಾಗದಲ್ಲಿ ಜೇನುತಟ್ಟಿ ಇದೆ, ಜೊತೆಗೆ ಜೇನಿನ ಹನಿಯೂ ಇದೆ!

ಆದರೆ ಸಲ್ಫೈಟ್ ಎಂದರೆ ಒಣಹಣ್ಣಿನಲ್ಲಿರುವುದು, ಅಲ್ಲವೇ? ಅವಳ ಬಟ್ಟಲಿನಲ್ಲಿ ಒಣದ್ರಾಕ್ಷಿ ಇಲ್ಲದ ದಿನವೇ ಇಲ್ಲ. ನನ್ನ ಮೂಲ ಪ್ರಶ್ನೆ ಅಲ್ಲೇ ನಿಂತಿತು: ಕೆಲವು ದಿನ ಮಾತ್ರ ಏಕೆ?

ಎರಡು ಸೂಜಿ

ನನ್ನ ಹೆಸರೇ ಹೇಳುವಂತೆ, ತೀವ್ರ ಅಲರ್ಜಿಯ ತುರ್ತು ಮದ್ದಾದ ಅಡ್ರಿನಲಿನ್‌ನ ಎರಡು ಸೂಜಿಗಳನ್ನು ಜೇಬಿನಲ್ಲಿಟ್ಟುಕೊಂಡೇ ಮನೆಯಿಂದ ಹೊರಡುವವನು ನಾನು. ಕಡಲೆಕಾಯಿ ಮತ್ತು ಹೇಜಲ್‌ನಟ್, ಎರಡೂ ಆಗುವುದಿಲ್ಲ. ಸಲ್ಫೈಟ್ ಎಂದು ಯಾರೂ ಇಷ್ಟು ಬೇಗ ತೀರ್ಪು ಕೊಡಬೇಡಿ.

'ಇರಬಹುದು' ಎಂಬ ಆ ಕೊನೆಯ ಸಾಲನ್ನು ನೋಡಿ. ಹೆಚ್ಚಿನ ಕಡೆ ಅದು ತಯಾರಕರು ತಾವಾಗಿ ಬರೆಯುವ ಎಚ್ಚರಿಕೆ. ಎಷ್ಟು ಇದ್ದರೆ ಬರೆಯಬೇಕು, ಎಷ್ಟಕ್ಕೆ ಬೇಡ ಎಂಬ ಒಂದೇ ಅಳತೆ ಎಲ್ಲೆಡೆ ಇಲ್ಲ. ಒಬ್ಬರು ನಿಜವಾದ ಅಪಾಯ ಕಂಡು ಬರೆಯುತ್ತಾರೆ, ಇನ್ನೊಬ್ಬರು ವಕೀಲರಿಗೆ ಹೆದರಿ ಬರೆಯುತ್ತಾರೆ, ಮತ್ತೊಬ್ಬರು ಅಪಾಯವಿದ್ದರೂ ಬರೆಯುವುದಿಲ್ಲ. ಮೂವರ ಪೊಟ್ಟಣವನ್ನೂ ಓದುವವನಿಗೆ ಕಾಣುವುದು ಅಕ್ಷರ ಮಾತ್ರ. ನಾನು ಹಿಂದೊಮ್ಮೆ ಒಂದೇ ಬಗೆಯ ಮ್ಯೂಸ್ಲಿಯ ಮೂರು ಪೊಟ್ಟಣಗಳನ್ನು ಏನೂ ಆಗದೆ ಮುಗಿಸಿ, 'ಇದು ಬರೀ ಹೆದರಿಕೆಯ ಸಾಲು' ಎಂದು ತೀರ್ಮಾನಿಸಿದ್ದೆ. ನಾಲ್ಕನೆಯ ಪೊಟ್ಟಣದ ಮೊದಲ ವಾರದಲ್ಲಿ ಆಂಬುಲೆನ್ಸ್ ಬಂತು.

ಇನ್ನೊಂದು ಮಾತು. ದದ್ದು ಇಲ್ಲ ಎಂಬುದನ್ನು ಸಮಾಧಾನದ ಸಂಗತಿ ಎಂದುಕೊಳ್ಳಬೇಡಿ. ತೀವ್ರ ಅಲರ್ಜಿ ಚರ್ಮದ ಮೇಲೆ ಏನೂ ತೋರಿಸದೆ ನೇರವಾಗಿ ಉಸಿರಿಗೆ ಕೈ ಹಾಕಬಹುದು. ಆಸ್ತಮಾ ಇರುವ ಮಕ್ಕಳಲ್ಲಿ ಅದು ಇನ್ನೂ ಅಪಾಯ. ಮನೆಯಲ್ಲಿ 'ಒಂದು ಚಮಚ ಕೊಟ್ಟು ನೋಡೋಣ' ಎಂಬ ಪರೀಕ್ಷೆ ಮಾಡಲೇಬೇಡಿ.

ಒಣಮಿಶ್ರಣ

ಒಣ ಆಹಾರ ಮಿಶ್ರಣಗಳ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ದುಡಿದಿದ್ದೇನೆ. 'ಕೆಲವು ದಿನ ಮಾತ್ರ ಏಕೆ' ಎಂಬುದಕ್ಕೆ ನನ್ನ ಬಳಿ ಒಂದು ಉತ್ತರ ಇದೆ.

ಮ್ಯೂಸ್ಲಿಯನ್ನು ನಾವು ಒಂದು ಆಹಾರ ಎಂದು ಕರೆಯುತ್ತೇವೆ. ಅದು ನಿಜಕ್ಕೂ ಒಂದು ಚೀಲದೊಳಗೆ ಕೂಡಿಹಾಕಿದ ಹತ್ತು ಆಹಾರ. ಬಿಸ್ಕತ್ತಿನ ಹಿಟ್ಟಿನಲ್ಲಿ ಹಾಲು, ಮೊಟ್ಟೆ ಎಲ್ಲವೂ ಕಲೆತು ಒಂದಾಗಿರುತ್ತವೆ; ಮೊದಲ ಬಿಸ್ಕತ್ತಿನಲ್ಲಿ ಇದ್ದಷ್ಟೇ ಕೊನೆಯದರಲ್ಲೂ ಇರುತ್ತದೆ. ಮ್ಯೂಸ್ಲಿಯಲ್ಲಿ ಯಾವುದೂ ಕಲೆಯುವುದಿಲ್ಲ, ಪಕ್ಕಪಕ್ಕದಲ್ಲಿ ಕೂರುತ್ತವೆ ಅಷ್ಟೆ. ಲೇಬಲ್ಲಿನ 19% ಹಣ್ಣು ಎಂಬುದು ಒಟ್ಟು ತಯಾರಿಯ ಲೆಕ್ಕ. ನಿಮ್ಮ ಮಗಳ ಬಟ್ಟಲಿಗೆ ಆ ಲೆಕ್ಕ ಗೊತ್ತಿಲ್ಲ.

ಸಾಲದೆಂಬಂತೆ ಸಾಗಣೆಯ ಕುಲುಕಾಟ ಬೇರೆ. ಬೇರೆ ಬೇರೆ ಗಾತ್ರದ ಕಾಳುಗಳನ್ನು ಡಬ್ಬಿಗೆ ತುಂಬಿ ಅಲುಗಾಡಿಸಿದರೆ ದೊಡ್ಡವು ಮೇಲಕ್ಕೆ ಬರುತ್ತವೆ, ಸಣ್ಣವು ಸಂದಿಗಳಲ್ಲಿ ಜಾರಿ ತಳ ಸೇರುತ್ತವೆ. ಭೌತವಿಜ್ಞಾನಿಗಳು ಇದನ್ನು ಬ್ರೆಜಿಲ್ ನಟ್ ಪರಿಣಾಮ ಎನ್ನುತ್ತಾರೆ. ಮಿಶ್ರ ಬೀಜಗಳ ಡಬ್ಬಿಯಲ್ಲಿ ಬ್ರೆಜಿಲ್ ನಟ್ ಯಾವಾಗಲೂ ಮೇಲಿರುವುದನ್ನು ನೋಡಿ ಇಟ್ಟ ಹೆಸರು. ಹಾಗಾಗಿ ಪೊಟ್ಟಣದ ಮೇಲಿನ ಬಟ್ಟಲುಗಳಲ್ಲಿ ಹಣ್ಣು, ಬಾದಾಮಿ ಹೆಚ್ಚು. ತಳದ ಬಟ್ಟಲುಗಳಲ್ಲಿ ಓಟ್ಸ್‌ನ ಪುಡಿ, ಎಳ್ಳು, ಹಾಲಿನ ಪುಡಿ ಹೆಚ್ಚು. ಹಾಲು ಆಗದವರಿಗೆ ತಳವೇ ಕೆಟ್ಟದ್ದು.

ಸೂಜಿಯವರ ನಾಲ್ಕನೆಯ ಪೊಟ್ಟಣಕ್ಕೂ ಇದೇ ವಿವರಣೆ. ಮ್ಯೂಸ್ಲಿಯ ಯಂತ್ರಗಳನ್ನು ನೀರು ಹಾಕಿ ತೊಳೆಯುವುದನ್ನು ಆದಷ್ಟು ತಪ್ಪಿಸುತ್ತಾರೆ, ತೇವ ಉಳಿದರೆ ಬೂಷ್ಟು ಬರುತ್ತದೆ. ಬ್ರಷ್ ಹಾಕಿ, ನಿರ್ವಾತ ಯಂತ್ರದಿಂದ ಎಳೆದು, ಆಮೇಲೆ ಒಂದಿಷ್ಟು ಬರೀ ಓಟ್ಸ್ ಹಾಯಿಸಿ ಉಳಿದದ್ದನ್ನು ತಳ್ಳಿ ಹೊರಹಾಕುತ್ತಾರೆ. ಎಷ್ಟೇ ನಿಷ್ಠೆಯಿಂದ ಮಾಡಿದರೂ ಯಾವುದೋ ಬೆಲ್ಟಿನ ಮೂಲೆಯಲ್ಲಿ ಅರ್ಧ ಹೇಜಲ್‌ನಟ್ ಕುಳಿತಿರಬಹುದು. ಅದು ಸಾವಿರಾರು ಪೊಟ್ಟಣಗಳಿಗೆ ಸಮನಾಗಿ ಹಂಚಿಹೋಗುವುದಿಲ್ಲ. ಒಂದೇ ಪೊಟ್ಟಣಕ್ಕೆ, ಒಂದೇ ಬಟ್ಟಲಿಗೆ, ಒಬ್ಬನೇ ಮನುಷ್ಯನಿಗೆ ಇಡಿಯಾಗಿ ಸಿಗುತ್ತದೆ. ಪ್ರಯೋಗಾಲಯ ಪರೀಕ್ಷಿಸಿದ ಮಾದರಿ ಮಾತ್ರ ಶುದ್ಧವಾಗಿಯೇ ಇರುತ್ತದೆ.

ಬೆಳಗಿನ ಬಟ್ಟಲು ಅವರೇ, ಆ ನಾಲ್ಕು ದಿನಗಳು ಪೊಟ್ಟಣದ ಎಷ್ಟನೆಯ ದಿನ ಎಂಬುದು ನೆನಪಿದೆಯೇ?

ಬೆಳಗಿನ ಬಟ್ಟಲು

ನೆನಪಿಲ್ಲ, ಆದರೆ ದಾಖಲೆ ಇದೆ. ಪೊಟ್ಟಣ ಒಡೆದ ದಿನಾಂಕವನ್ನು ಪೆನ್ನಿನಲ್ಲಿ ಅದರ ಮೇಲೆಯೇ ಬರೆಯುವುದು, ಖಾಲಿಯಾದ ಚೀಲಗಳನ್ನು ಮಡಿಚಿಡುವುದು ಹೆಂಡತಿಯ ಅಭ್ಯಾಸ. ಇಷ್ಟು ವರ್ಷ ಗೇಲಿ ಮಾಡಿದ್ದಕ್ಕೆ ಇಂದು ಕ್ಷಮೆ ಕೇಳಿದೆ.

ನಾಲ್ಕರಲ್ಲಿ ಮೂರು ಬಾರಿ ಕೆಮ್ಮು ಬಂದದ್ದು ಹೊಸ ಪೊಟ್ಟಣ ಒಡೆದ ದಿನ ಅಥವಾ ಅದರ ಮರುದಿನ. ನಾಲ್ಕನೆಯದು ಮಾತ್ರ ಪೊಟ್ಟಣದ ನಡುಮಧ್ಯೆ, ಒಂದು ಭಾನುವಾರ.

ಪಥ್ಯದ ಪುಟ

ನಾನು ಆಹಾರ ತಜ್ಞೆ. ನಿಮ್ಮ ಮಗಳನ್ನು ನೋಡದೆ ರೋಗನಿರ್ಣಯ ಮಾಡುವುದಿಲ್ಲ, ಸಲ್ಫೈಟ್ ಬಗ್ಗೆ ಗೊತ್ತಿರುವುದನ್ನು ಹೇಳುತ್ತೇನೆ.

ಕಡಲೆಕಾಯಿ, ಹಾಲು, ಗೋಧಿಯ ಅಲರ್ಜಿಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಒಂದು ಪ್ರೋಟೀನನ್ನು ಶತ್ರು ಎಂದು ತಪ್ಪು ತಿಳಿಯುತ್ತದೆ. ಸಲ್ಫೈಟ್ ಪ್ರೋಟೀನ್ ಅಲ್ಲ. ಹೆಚ್ಚಿನವರಲ್ಲಿ ಅದು ಆ ಅರ್ಥದ ಅಲರ್ಜಿಯನ್ನೂ ಉಂಟುಮಾಡುವುದಿಲ್ಲ. ಆಸ್ತಮಾ ಇರುವ ಕೆಲವರ ಶ್ವಾಸನಾಳವನ್ನು ಕೆರಳಿಸುತ್ತದೆ. ಹುಳಿಯ ಸಂಪರ್ಕದಲ್ಲಿ, ಬಾಯಿಯಲ್ಲಿ, ಹೊಟ್ಟೆಯಲ್ಲಿ ಸಲ್ಫರ್ ಡೈಆಕ್ಸೈಡ್ ಅನಿಲ ಬಿಡುಗಡೆಯಾಗಿ ಅದನ್ನು ಉಸಿರಾಡಿದಾಗ ಹೀಗಾಗುತ್ತದೆ ಎಂಬುದು ಒಂದು ವಿವರಣೆ. ಹೀಗಿದ್ದರೂ ಯುರೋಪಿನ ಹದಿನಾಲ್ಕು ಅಲರ್ಜಿಕಾರಕಗಳ ಪಟ್ಟಿಯಲ್ಲಿ ಅದಕ್ಕೆ ಜಾಗವಿದೆ. ಕಿಲೋಗೆ 10 ಮಿಲಿಗ್ರಾಂ ಮೀರಿದರೆ ಲೇಬಲ್ಲಿನಲ್ಲಿ ಹೇಳಲೇಬೇಕು. ಅಮೆರಿಕದಲ್ಲಿ ಹಸಿ ತರಕಾರಿ, ಹಣ್ಣುಗಳು ಬಾಡದಂತೆ ಕಾಣಲು ಸಲ್ಫೈಟ್ ಸಿಂಪಡಿಸುತ್ತಿದ್ದರು. ಆಸ್ತಮಾ ಇದ್ದವರಿಗೆ ಪ್ರಾಣಾಪಾಯವಾದ ಮೇಲೆ 1986ರಲ್ಲಿ ಅದನ್ನು ನಿಷೇಧಿಸಿದರು.

ಒಣದ್ರಾಕ್ಷಿಯ ಬಗ್ಗೆ ಕೇಳಿದ್ದಿರಿ. ಅದು ಕಪ್ಪುಕಂದು ಬಣ್ಣದ್ದಾಗಿದ್ದರೆ ಸಾಮಾನ್ಯವಾಗಿ ಬಿಸಿಲಿನಲ್ಲಿ ಒಣಗಿಸಿದ್ದು, ಸಲ್ಫೈಟ್ ಹಾಕಿರುವುದಿಲ್ಲ. ಹೊನ್ನಿನ ಬಣ್ಣದ್ದಾದರೆ ಹಾಕಿರುತ್ತಾರೆ. ನಿಮ್ಮ ಪಟ್ಟಿಯಲ್ಲಿ ದ್ರಾಕ್ಷಿಯ ಮುಂದೆ ಯಾವ ಸಂಖ್ಯೆಯೂ ಇಲ್ಲ. ಅನುಮಾನ ಉಳಿಯುವುದು ಏಪ್ರಿಕಾಟ್ ಮತ್ತು ಪಪ್ಪಾಯಿಯ ಮೇಲೆ, ಅದರಲ್ಲೂ ಏಪ್ರಿಕಾಟ್ ಮೇಲೆ. ಯುರೋಪಿನ ನಿಯಮದಲ್ಲಿ ಒಣ ಸೇಬಿಗೆ ಕಿಲೋಗೆ 600 ಮಿಲಿಗ್ರಾಂ ಮಿತಿ, ಏಪ್ರಿಕಾಟ್‌ಗೆ 2000.

ಲೆಕ್ಕ ಹಾಕೋಣ. 45 ಗ್ರಾಂ ಬಟ್ಟಲಿನಲ್ಲಿ 19% ಎಂದರೆ ಸುಮಾರು ಎಂಟೂವರೆ ಗ್ರಾಂ ಹಣ್ಣು. ಮೂರರಲ್ಲೊಂದು ಪಾಲು ಏಪ್ರಿಕಾಟ್ ಎಂದಿಟ್ಟುಕೊಂಡರೆ ಮೂರು ಗ್ರಾಂ, ಗರಿಷ್ಠ ಮಿತಿಯಲ್ಲಿ 6 ಮಿಲಿಗ್ರಾಂ. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.7 ಮಿಲಿಗ್ರಾಂವರೆಗೆ ಸಹ್ಯ ಎಂದು ಇಟ್ಟಿದೆ. 28 ಕಿಲೋ ತೂಗುವ ಮಗುವಿಗೆ ಸುಮಾರು 20 ಮಿಲಿಗ್ರಾಂ. ಒಂದೇ ಬಾರಿಗೆ ಹತ್ತು ಗ್ರಾಂ ಏಪ್ರಿಕಾಟ್ ಹೊಟ್ಟೆ ಸೇರಿದರೆ ಆ ಅಳತೆ ತುಂಬಿತು. ಆದರೆ ಅದು ಆರೋಗ್ಯವಂತರು ಜೀವಮಾನವಿಡೀ ತಿನ್ನಬಹುದಾದ ಪ್ರಮಾಣದ ಲೆಕ್ಕ. ಆಸ್ತಮಾ ಇರುವವರಿಗೆ ಎಷ್ಟರಲ್ಲಿ ಕೆರಳುತ್ತದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಎರಡು ಮಕ್ಕಳ ಅಮ್ಮ

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಚಿಕ್ಕವನಿಗೆ ಹತ್ತು ತಿಂಗಳು. ಅಕ್ಕನ ಮ್ಯೂಸ್ಲಿಯನ್ನು ಹಾಲಿನಲ್ಲಿ ನೆನೆಸಿ ಎರಡು ಚಮಚ ಕೊಡಬಹುದೇ?

ಪಥ್ಯದ ಪುಟ

ಇದರಲ್ಲಿ ಜೇನು ಇದೆ, ಆದ್ದರಿಂದ ಬೇಡ. ವರ್ಷ ತುಂಬದ ಶಿಶುಗಳಿಗೆ ಜೇನಿನಿಂದ ಬೊಟುಲಿಸಂ ಎಂಬ ವಿಷಬಾಧೆ ಬರುವ ಅಪಾಯವಿದೆ, 1% ಇದ್ದರೂ ಅಷ್ಟೇ. ಇಡೀ ಬಾದಾಮಿ, ಬಾದಾಮಿಯ ಚೂರುಗಳು ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ ಐದು ವರ್ಷದವರೆಗೂ ಇರುತ್ತದೆ. ಬರೀ ಓಟ್ಸ್ ಬೇಯಿಸಿ ಕೊಡಿ.

ಗೋಧಿಯಿಲ್ಲದವಳು

ನನಗೆ ಸೀಲಿಯಾಕ್ ಕಾಯಿಲೆ; ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ನನ್ನ ಕರುಳಿಗೆ ಆಗುವುದಿಲ್ಲ. ಈ ಪಟ್ಟಿಯಲ್ಲಿ ಎಲ್ಲರೂ ಗೋಧಿಯನ್ನು ನೋಡುತ್ತಾರೆ. ನನ್ನ ಕಣ್ಣು ಹೋಗುವುದು ಬಾರ್ಲಿ ಮಾಲ್ಟ್ ಸಾರದ ಕಡೆಗೆ. ರುಚಿಗೆಂದು ಹಾಕುವ ಈ ಒಂದು ಚಮಚ ಎಷ್ಟೋ 'ಗೋಧಿಯಿಲ್ಲದ' ಪೊಟ್ಟಣಗಳನ್ನು ನನ್ನಿಂದ ಕಸಿದುಕೊಂಡಿದೆ. ಗೋಧಿಯಿಲ್ಲ ಎಂದರೆ ಗ್ಲುಟನ್ ಇಲ್ಲ ಎಂದಲ್ಲ ಎಂಬುದನ್ನು ನನ್ನ ಸ್ವಂತ ಅತ್ತೆಗೆ ಒಪ್ಪಿಸಲು ನಾಲ್ಕು ವರ್ಷ ಹಿಡಿಯಿತು.

ಓಟ್ಸ್‌ನದ್ದು ಇನ್ನೂ ಗೋಜಲು. ಅದರಲ್ಲಿರುವ ಅವೆನಿನ್ ಎಂಬ ಪ್ರೋಟೀನ್ ನಮ್ಮಲ್ಲಿ ಹೆಚ್ಚಿನವರಿಗೆ ಒಗ್ಗುತ್ತದೆ, ಕೆಲವರಿಗೆ ಒಗ್ಗುವುದಿಲ್ಲ. ತೊಂದರೆ ಹೆಚ್ಚಾಗಿ ಬರುವುದು ಹೊಲದಲ್ಲಿ, ಲಾರಿಯಲ್ಲಿ, ಗಿರಣಿಯಲ್ಲಿ ಬೆರೆಯುವ ಗೋಧಿ ಮತ್ತು ಬಾರ್ಲಿಯ ಕಾಳುಗಳಿಂದ. ಕೋಡೆಕ್ಸ್ ಪ್ರಕಾರ ಗ್ಲುಟನ್‌ಮುಕ್ತ ಎನ್ನಲು ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ಯುರೋಪ್, ಅಮೆರಿಕಗಳಲ್ಲಿ ಆ ಮಿತಿಯೊಳಗಿನ ಓಟ್ಸ್‌ಗೆ ಗ್ಲುಟನ್‌ಮುಕ್ತ ಎಂದು ಬರೆಯಬಹುದು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ಓಟ್ಸ್ ಇರುವ ಯಾವುದಕ್ಕೂ ಹಾಗೆ ಬರೆಯುವಂತಿಲ್ಲ. ಅದೇ ಕಾಳು, ಅದೇ ಕರುಳು, ಸಮುದ್ರ ದಾಟಿದರೆ ಬೇರೆ ಲೇಬಲ್.

ನನ್ನದೊಂದು ಪ್ರಶ್ನೆಯೂ ಇದೆ. ಗ್ಲೂಕೋಸ್ ಸಿರಪ್ ಗೋಧಿಯದ್ದಾಗಿದ್ದರೆ?

ಲೇಬಲ್ ಓದುಗ

ಗೋಧಿಯ ಪಿಷ್ಟದಿಂದ ಮಾಡಿದರೂ ಸಂಸ್ಕರಣೆಯಲ್ಲಿ ಪ್ರೋಟೀನ್ ಬಹುತೇಕ ಹೋಗಿರುತ್ತದೆ. ಆ ಕಾರಣಕ್ಕೆ ಯುರೋಪಿನಲ್ಲಿ ಗೋಧಿಯ ಗ್ಲೂಕೋಸ್ ಸಿರಪ್ ಮತ್ತು ಮಾಲ್ಟೋಡೆಕ್ಸ್ಟ್ರಿನ್ ಎಂಬ ಪಿಷ್ಟದ ಪುಡಿಗೆ ಅಲರ್ಜಿ ಘೋಷಣೆಯಿಂದ ವಿನಾಯಿತಿ ಇದೆ. ಪೂರ್ತಿ ಶುದ್ಧೀಕರಿಸಿದ ಸೋಯಾ ಎಣ್ಣೆಗೂ ಹಾಗೆಯೇ. ಮಾಲ್ಟ್ ಸಾರಕ್ಕೆ ಆ ವಿನಾಯಿತಿ ಇಲ್ಲ. ನಿಮ್ಮ ಕಣ್ಣು ಸರಿಯಾದ ಕಡೆಗೇ ಹೋಗಿದೆ.

ಶುದ್ಧಾಹಾರಿ

ನೋಡಿದಿರಾ, ಕೊನೆಗೆ ನನ್ನ ಮಾತಿಗೇ ಬಂದಿರಿ! 220 ಕೆಟ್ಟದ್ದೇ ಆಯಿತು. ಮ್ಯೂಸ್ಲಿ ಹುಟ್ಟಿದಾಗ ಇದೆಲ್ಲ ಇರಲಿಲ್ಲ. ಕಾರ್ಖಾನೆಯವರು ಹೊಕ್ಕ ಮೇಲೆ ಹಾಳಾಯಿತು.

ಲೇಬಲ್ ಓದುಗ

ಹುಟ್ಟಿದ ಕಥೆಯನ್ನೇ ತೆಗೆದಿರಿ, ಸಂತೋಷ. 1900ರ ಆಸುಪಾಸಿನಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಮ್ಯಾಕ್ಸಿಮಿಲಿಯನ್ ಬಿರ್ಕರ್ ಬೆನ್ನರ್ ಎಂಬ ವೈದ್ಯರು ತಮ್ಮ ಆರೋಗ್ಯಧಾಮದ ರೋಗಿಗಳಿಗೆ ಕೊಡುತ್ತಿದ್ದ ತಿನಿಸು ಅದು. ಅದರಲ್ಲಿ ಮುಖ್ಯವಾದದ್ದು ಓಟ್ಸ್ ಅಲ್ಲ, ಸಿಪ್ಪೆ ಸಮೇತ ತುರಿದ ಹಸಿ ಸೇಬು. ನೆನೆಸಿದ ಓಟ್ಸ್ ಒಂದು ಚಮಚ ಮಾತ್ರ, ಜೊತೆಗೆ ನಿಂಬೆರಸ, ಪುಡಿ ಮಾಡಿದ ಬೀಜಗಳು. ಮತ್ತು ಸಕ್ಕರೆ ಹಾಕಿ ಗಟ್ಟಿಮಾಡಿದ ಡಬ್ಬಿಯ ಹಾಲು. ಹೌದು, ಕಾರ್ಖಾನೆಯ ಹಾಲು. ಆ ಕಾಲದ ಹಸಿ ಹಾಲಿನಲ್ಲಿ ಕ್ಷಯದ ಭಯವಿತ್ತು, ಡಬ್ಬಿಯದೇ ಸುರಕ್ಷಿತವಾಗಿತ್ತು. ಹೇಜಲ್‌ನಟ್ ಆಗದವರನ್ನು ಆ 'ಶುದ್ಧ' ಮ್ಯೂಸ್ಲಿಯೂ ಆಸ್ಪತ್ರೆಗೆ ಕಳಿಸುತ್ತಿತ್ತು.

ಒಣಮಿಶ್ರಣ

ಕಾರ್ಖಾನೆಯ ಪರವಾಗಿ ಎರಡು ಮಾತು. ಮ್ಯೂಸ್ಲಿ ಕೊಳೆಯದಿರಲು ಸಂರಕ್ಷಕ ಬೇಕಾಗಿಯೇ ಇಲ್ಲ. ಅದು ಎಷ್ಟು ಒಣಗಿರುತ್ತದೆ ಎಂದರೆ ಸೂಕ್ಷ್ಮಜೀವಿ ಬೆಳೆಯಲಾರದು. ಏಪ್ರಿಕಾಟ್‌ಗೆ ಸಲ್ಫರ್ ಡೈಆಕ್ಸೈಡ್ ಹಾಕುವುದಕ್ಕೆ ದೊಡ್ಡ ಕಾರಣ ಬಣ್ಣ. ಹಾಕದಿದ್ದರೆ ಅದು ಕಂದಾಗಿ, ಹಳೆಯ ತೊಗಲಿನ ಚೂರಿನಂತೆ ಕಾಣುತ್ತದೆ. ಕಿತ್ತಳೆ ಬಣ್ಣ ಕೇಳಿದವರು ಗ್ರಾಹಕರೇ.

ಪಪ್ಪಾಯಿಗೆ ಸಕ್ಕರೆ ತುಂಬುವುದಕ್ಕೂ ಸಿಹಿಯೊಂದೇ ಕಾರಣವಲ್ಲ. ಹಣ್ಣಿನಲ್ಲಿ ತೇವ ಹೆಚ್ಚು, ಓಟ್ಸ್‌ನಲ್ಲಿ ಕಡಿಮೆ. ಎರಡನ್ನೂ ಒಂದೇ ಚೀಲದಲ್ಲಿಟ್ಟರೆ ತೇವ ಹಣ್ಣಿನಿಂದ ಓಟ್ಸ್‌ಗೆ ದಾಟುತ್ತದೆ; ಹಣ್ಣು ಕಲ್ಲಾಗುತ್ತದೆ, ಫ್ಲೇಕ್ಸ್ ಮೆತ್ತಗಾಗುತ್ತದೆ. ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಲವರು ಅದೇ ಕೆಲಸಕ್ಕೆ ಗ್ಲಿಸರಾಲ್ ಬಳಸುತ್ತಾರೆ, ಸಂಖ್ಯೆ 422. ಓಟ್ಸ್ ಕೂಡ ಹಸಿಯಲ್ಲ, ಹಬೆಯಲ್ಲಿ ಕಾಯಿಸಿದ್ದು. ಕಾಯಿಸದೆ ಚಪ್ಪಟೆ ಮಾಡಿದರೆ ಅದರೊಳಗಿನ ಕಿಣ್ವ ಕೊಬ್ಬನ್ನು ಒಡೆದು ಕೆಲವೇ ದಿನಗಳಲ್ಲಿ ಕಹಿ ಮಾಡುತ್ತದೆ.

ಎರಡು ಸೂಜಿ

ಎಲ್ಲರೂ ಏಪ್ರಿಕಾಟ್‌ಗೆ ಶಿಕ್ಷೆ ಬರೆದು ಮುಗಿಸಿದಂತಿದೆ. ಒಂದು ಕ್ಷಣ ನಿಲ್ಲಿ. ದೊಡ್ಡ ಚೂರುಗಳು ಮೇಲಕ್ಕೆ ಬರುತ್ತವೆ ಎಂದಾದರೆ ಬಾದಾಮಿಯೂ ಮೇಲಕ್ಕೇ ಬರುತ್ತದೆ. ಹೊಸ ಪೊಟ್ಟಣದ ಮೊದಲ ಬಟ್ಟಲಿನಲ್ಲಿ ಏಪ್ರಿಕಾಟ್ ಹೆಚ್ಚು, ಬಾದಾಮಿಯೂ ಹೆಚ್ಚು. ಈ ಸಾಕ್ಷ್ಯ ಇಬ್ಬರಲ್ಲಿ ಯಾರನ್ನೂ ಬೇರ್ಪಡಿಸುವುದಿಲ್ಲ. ಎಲ್ಲೋ ಬೆರೆತ ಹೇಜಲ್‌ನಟ್ ಇದ್ದರೆ ಅದೂ ಮೇಲೆಯೇ. ಕಡಲೆಕಾಯಿ ಹೆಸರಿಗೆ ಬೀಜ, ಕುಲದಲ್ಲಿ ಬೇಳೆಕಾಳು. ಬಾದಾಮಿ ಒಗ್ಗಿದ ಮಾತ್ರಕ್ಕೆ ಕಡಲೆಕಾಯಿಯೂ ಒಗ್ಗುತ್ತದೆ ಎನ್ನಲಾಗದು. ಪ್ರತಿಯೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸುವಂತೆ ವೈದ್ಯರನ್ನು ಕೇಳಿ.

ಪಥ್ಯದ ಪುಟ

ಸರಿಯಾದ ಆಕ್ಷೇಪ, ನಾನು ಗಮನಿಸಿರಲಿಲ್ಲ. ಬೀಜಗಳಿಗೆ ಚರ್ಮದ ಪರೀಕ್ಷೆ, ರಕ್ತಪರೀಕ್ಷೆ ಇವೆ. ಸಲ್ಫೈಟ್‌ಗೆ ಅಂಥ ನೆಚ್ಚಿಕೆಯ ಪರೀಕ್ಷೆ ಇಲ್ಲ. ಬೇಕಾದರೆ ಆಸ್ಪತ್ರೆಯಲ್ಲಿ ಉಸಿರಿನ ಅಳತೆ ನೋಡುತ್ತಾ ಸ್ವಲ್ಪಸ್ವಲ್ಪವಾಗಿ ಕೊಟ್ಟು ನೋಡಬೇಕಾಗುತ್ತದೆ. ಪೊಟ್ಟಣವನ್ನೂ ದಿನಾಂಕ ಬರೆದ ಚೀಲಗಳನ್ನೂ ಜೊತೆಗೆ ಒಯ್ಯಿರಿ.

ಬೆಳಗಿನ ಬಟ್ಟಲು

ವೈದ್ಯರನ್ನು ನೋಡಿ ಬಂದೆವು. ಚೀಲಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದಾಗ ಅವರು ಹೆಂಡತಿಯ ಕಡೆ ನೋಡಿದ ಗೌರವ ನನಗೆ ಎಂದೂ ಸಿಕ್ಕಿಲ್ಲ.

ಬಾದಾಮಿ, ಹೇಜಲ್‌ನಟ್, ಕಡಲೆಕಾಯಿ, ಎಳ್ಳು, ಗೋಧಿ, ಹಾಲು, ಎಲ್ಲಕ್ಕೂ ಚರ್ಮದ ಪರೀಕ್ಷೆ ಮಾಡಿದರು. ಯಾವುದಕ್ಕೂ ಚರ್ಮದಲ್ಲಿ ಗುಳ್ಳೆ ಏಳಲಿಲ್ಲ. ಆಸ್ತಮಾ ಹತೋಟಿಯಲ್ಲಿ ಇರಲಿಲ್ಲ ಎಂದರು. ದಿನನಿತ್ಯದ ಇನ್‌ಹೇಲರ್ ಬದಲಾಯಿಸಿದ್ದಾರೆ. ಸಲ್ಫೈಟ್ ಕಾರಣವಿರಬಹುದು, ಈಗಲೇ ಖಚಿತವಾಗಿ ಹೇಳಲಾರೆ, ಸದ್ಯ ಅದಿರುವ ಒಣಹಣ್ಣು ಬೇಡ, ಉಸಿರು ಸ್ಥಿರವಾದ ಮೇಲೆ ಆಸ್ಪತ್ರೆಯಲ್ಲೇ ಪರೀಕ್ಷಿಸೋಣ ಎಂದರು.

ಇನ್ನು ಆ ನಾಲ್ಕನೆಯ ಭಾನುವಾರ. ವೈದ್ಯರು ಮಗಳನ್ನೇ ನೇರವಾಗಿ ಕೇಳಿದರು, ಅದು ನಮಗೆ ಹೊಳೆದಿರಲಿಲ್ಲ. ಅವಳು ನೆಲ ನೋಡುತ್ತಾ ಒಪ್ಪಿಕೊಂಡಳು. ಅವಳಿಗೆ ಏಪ್ರಿಕಾಟ್ ಎಂದರೆ ಪ್ರಾಣ. ಹೊಸ ಪೊಟ್ಟಣ ಒಡೆದ ಕೂಡಲೇ ನಾವು ಕಾಣದಂತೆ ಮೇಲೆ ಸಿಕ್ಕ ಕಿತ್ತಳೆ ಚೂರುಗಳನ್ನೆಲ್ಲ ಹೆಕ್ಕಿ ತಿನ್ನುತ್ತಿದ್ದಳಂತೆ. ಆ ಭಾನುವಾರ ನಾವು ಮಲಗಿದ್ದಾಗ ಪೊಟ್ಟಣವನ್ನು ತಟ್ಟೆಗೆ ಸುರಿದು, ತಳದವರೆಗೂ ಹುಡುಕಿ, ಮುಷ್ಟಿ ತುಂಬ ಆರಿಸಿಕೊಂಡಿದ್ದಳು. ಉಳಿದ ದಿನಗಳ ಬಟ್ಟಲಿನಲ್ಲಿ ಏಪ್ರಿಕಾಟ್ ಇರಲೇ ಇಲ್ಲ!

ಒಣಮಿಶ್ರಣ

ಹನ್ನೊಂದು ವರ್ಷದ ಅನುಭವವನ್ನು ಒಂಬತ್ತು ವರ್ಷದವಳು ಮಣ್ಣುಪಾಲು ಮಾಡಿದಳು. ಬ್ರೆಜಿಲ್ ನಟ್ ಪರಿಣಾಮ ಸುಳ್ಳಲ್ಲ, ಆದರೆ ಪೊಟ್ಟಣದೊಳಗೆ ಕೈ ಹಾಕುವವರ ಪರಿಣಾಮ ಅದಕ್ಕಿಂತ ದೊಡ್ಡದು ಎಂದು ಬರೆದಿಟ್ಟುಕೊಳ್ಳುತ್ತೇನೆ.

ಪಥ್ಯದ ಪುಟ

ಮುಷ್ಟಿ ಎಂದರೆ ಇಪ್ಪತ್ತು ಗ್ರಾಂ ಇಟ್ಟುಕೊಳ್ಳಿ. ಗರಿಷ್ಠ ಮಿತಿಯ ಹಣ್ಣಾಗಿದ್ದರೆ 40 ಮಿಲಿಗ್ರಾಂ. ನಾನು ಹಾಕಿದ್ದ ಆರು ಮಿಲಿಗ್ರಾಂ ಲೆಕ್ಕ ಎಲ್ಲಿಯ ಮಾತು. ಆದರೂ ವೈದ್ಯರ 'ಇರಬಹುದು' ಎಂಬುದನ್ನು 'ಇದೆ' ಎಂದು ನಾವು ತಿದ್ದುವುದು ಬೇಡ.

ಎರಡು ಸೂಜಿ

ಚರ್ಮದ ಪರೀಕ್ಷೆ ಏಳಲಿಲ್ಲ ಎಂಬುದು ನಿಜಕ್ಕೂ ಒಳ್ಳೆಯ ಸುದ್ದಿ. ನನ್ನ ಅನುಮಾನ ಸುಳ್ಳಾದದ್ದಕ್ಕೆ ಇಷ್ಟು ಖುಷಿಪಟ್ಟಿದ್ದು ಇದೇ ಮೊದಲು.

ಬೆಳಗಿನ ಬಟ್ಟಲು

ಎಲ್ಲರಿಗೂ ಧನ್ಯವಾದ. ಇನ್ನೊಂದು ಪೊಟ್ಟಣ ನೋಡಿದ್ದೇವೆ: ಓಟ್ಸ್, ರೈ ಫ್ಲೇಕ್ಸ್, ಕಪ್ಪು ಒಣದ್ರಾಕ್ಷಿ, ಏಪ್ರಿಕಾಟ್ (ಅಕ್ಕಿಹಿಟ್ಟು), ಸೂರ್ಯಕಾಂತಿ ಬೀಜ, ಕೊಬ್ಬರಿ ತುರಿ. 'ಸಕ್ಕರೆ ಸೇರಿಸಿಲ್ಲ' ಎಂದಿದೆ. ಕೊಳ್ಳಬಹುದೇ?

ಲೇಬಲ್ ಓದುಗ

ಕೊಬ್ಬರಿ ತುರಿಯ ಮುಂದೆ ಆವರಣದಲ್ಲಿ ಏನಾದರೂ ಇದೆಯೇ ನೋಡಿ. ಬೆಳ್ಳಗಿರಲೆಂದು ಅದಕ್ಕೂ 223 ಹಾಕುವುದುಂಟು. ಕೆಳಗೆ ಸಲ್ಫೈಟ್ ಎಂಬ ಪದ ಇಲ್ಲದಿದ್ದರೆ ಸರಿ. ಸಕ್ಕರೆಯ ಮಾತಿಗೆ ಮರುಳಾಗಬೇಡಿ. ಒಣದ್ರಾಕ್ಷಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಅದರದೇ ಸಕ್ಕರೆ. ವೈದ್ಯರಿಗೂ ಒಮ್ಮೆ ತೋರಿಸಿ.

ಬೆಳಗಿನ ಬಟ್ಟಲು

ಕೊಬ್ಬರಿಯ ಮುಂದೆ ಏನೂ ಇಲ್ಲ, ಸಲ್ಫೈಟ್ ಪದವೂ ಇಲ್ಲ. ವೈದ್ಯರು ಒಪ್ಪಿದರು, ತಂದೆವು. ಮೂರು ದಿನವಾಯಿತು, ಕೆಮ್ಮಿಲ್ಲ. ಈ ಬಾರಿ ಏಪ್ರಿಕಾಟ್ ಕದಿಯುವವರೂ ಇಲ್ಲ: ಕಂದು ಚೂರುಗಳನ್ನು ಒಂದೊಂದಾಗಿ ಬಟ್ಟಲಿನ ಅಂಚಿಗೆ ಸರಿಸಿ, 'ಅಪ್ಪಾ, ಇವು ಹಾಳಾಗಿವೆ, ಅಂಗಡಿಯವರಿಗೆ ವಾಪಸ್ ಕೊಡು' ಎಂದಿದ್ದಾಳೆ.